‘ಸೂಕ್ತ’ ಅಂದರೆ ಎಷ್ಟು?

ನಮಸ್ಕಾರ.

ಮನೆಯಲ್ಲೇ ಕಟ್ಟುವ ಪುಟ್ಟ ವಿಮಾನಕ್ಕೆ ರೇಡಿಯೊ, ಇಂಟರ್‌ಕಾಮ್ ವೈರಿಂಗ್ ಮಾಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಅಪರೂಪದ್ದು, ಚಿತ್ರಗಳು ಚೆನ್ನಾಗಿವೆ. ಆದರೆ ಹೀಗೇ ಅಚ್ಚಿಗೆ ಕೊಡಲಾರೆ.

ನಾಲ್ಕು ಪುಟದಲ್ಲಿ ಹನ್ನೊಂದು ‘ಸೂಕ್ತ’. ಮಣಿಪಾಲದಲ್ಲಿ ನಾನು ಪ್ರೂಫ್ ತಿದ್ದಲು ಕಲಿಯುವಾಗ ಈ ಪದ ಕಂಡಲ್ಲೆಲ್ಲ ಹಿರಿಯರು ಅಂಚಿನಲ್ಲಿ ‘ಎಷ್ಟು?’ ಎಂದು ಗೀಚುತ್ತಿದ್ದರು. ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ಈಗ ನಾನೂ ಅದನ್ನೇ ಗೀಚಿದ್ದೇನೆ.

‘ಸೂಕ್ತ ದಪ್ಪದ ವೈರಿಗೆ ಸೂಕ್ತ ಫ್ಯೂಸ್ ಹಾಕಿ, ಪದೇ ಪದೇ ಹೋದರೆ ಒಂದು ಸೈಜು ದೊಡ್ಡದು ಹಾಕಿ.’ ಮಾರಾಯ್ರೇ, ಇದು ವಿಮಾನಕ್ಕೆ ಬೆಂಕಿ ಇಡುವ ಮಾತು. ಫ್ಯೂಸ್ ಕಾಯುವುದು ವೈರನ್ನು, ರೇಡಿಯೊವನ್ನಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೈಪಿಡಿ ಎಸಿ 43.13-1ಬಿ ಪ್ರಕಾರ 22 ಗೇಜ್ ತಾಮ್ರಕ್ಕೆ (ಗೇಜ್ ಅಂಕಿ ಇಳಿದಷ್ಟೂ ವೈರ್ ದಪ್ಪ) 5 ಆಂಪಿಯರ್ ಬ್ರೇಕರ್, 20ಕ್ಕೆ 7.5, 18ಕ್ಕೆ 10. ಫ್ಯೂಸ್ ಆದರೆ 20 ಗೇಜ್‌ಗೂ 5 ಮಾತ್ರ. 22 ಗೇಜ್‌ಗೆ 15ರ ಫ್ಯೂಸ್ ತುರುಕಿದರೆ, ಎಲ್ಲೋ ವೈರ್ ಉಜ್ಜಿ ಲೋಹಕ್ಕೆ ತಾಗಿದಾಗ ಫ್ಯೂಸ್ ಹೋಗುವ ಮೊದಲೇ ಹೊದಿಕೆ ಕರಗೀತು. ಅದು ಮನೆ ವೈರಿಂಗಿನ ಪಿವಿಸಿ ಆಗಿದ್ದರಂತೂ ಕಾಕ್‌ಪಿಟ್ ತುಂಬ ವಿಷದ ಹೊಗೆ. ತವರ ಲೇಪಿಸಿದ ತಾಮ್ರಕ್ಕೆ ಟೆಫ್ಜೆಲ್ ಎಂಬ ಪ್ಲಾಸ್ಟಿಕ್ ಹೊದಿಸಿದ, 150 ಡಿಗ್ರಿ ಸೆಲ್ಸಿಯಸ್ ತಾಳುವ ವೈರ್ ಎಂದು ಹೆಸರಿಟ್ಟೇ ಬರೆಯಿರಿ. ತವರ ಯಾಕೆಂದು ಉಡುಪಿಯ ಉಪ್ಪುಗಾಳಿಯಲ್ಲಿ ಬೆಳೆದ ನಿಮಗೆ ಹೇಳಬೇಕಿಲ್ಲ.

‘ನೆಗೆಟಿವ್ ವೈರನ್ನು ಹತ್ತಿರದ ಸೂಕ್ತ ಲೋಹದ ಭಾಗಕ್ಕೆ ಬಿಗಿಯಿರಿ.’ (ಕರೆಂಟು ಹರಿಯದ ಫೈಬರ್‌ಗ್ಲಾಸ್ ಮೈಯ ವಿಮಾನವಾದರೆ ಎಲ್ಲಿಗೆ?) ಮುಂದಿನ ಪುಟದಲ್ಲಿ ನೀವೇ ಗೊಣಗುತ್ತೀರಿ: ಎಂಜಿನ್ ವೇಗ ಏರಿದಂತೆ ಹೆಡ್‌ಸೆಟ್ಟಿನ ಕುಂಯ್ ಸದ್ದೂ ಏರುತ್ತದೆ, ರೇಡಿಯೊ ಕಳಪೆ ಎಂದು. ಅಲ್ಲ, ಆ ಸದ್ದು ಹುಟ್ಟಿದ್ದು ಈ ಸಾಲಿನಲ್ಲಿ. ಎಂಜಿನ್ ತಿರುಗಿಸುವ ಜನರೇಟರಾದ ಆಲ್ಟರ್ನೇಟರಿನ ಕರೆಂಟು ವಿಮಾನದ ಮೈಯ ಮೂಲಕ ಮರಳುವಾಗ ಎರಡು ಜಾಗಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಏಳುತ್ತದೆ. ಒಂದೊಂದು ಉಪಕರಣ ಒಂದೊಂದು ಕಡೆ ಗ್ರೌಂಡ್ ಆಗಿದ್ದರೆ, ಅಂದರೆ ಅದರ ನೆಗೆಟಿವ್ ಅಲ್ಲಲ್ಲೇ ಮೈಗೆ ಸೇರಿದ್ದರೆ, ಅದು ಮೈಕಿನ ಸಿಗ್ನಲ್ಲಿಗೆ ಬೆರೆಯುತ್ತದೆ. ಎಲ್ಲ ನೆಗೆಟಿವ್‌ಗಳೂ ಒಂದೇ ಗ್ರೌಂಡ್ ಪಟ್ಟಿಗೆ, ಅಲ್ಲಿಂದ ದಪ್ಪ ಕೇಬಲ್ ಬ್ಯಾಟರಿಗೆ ಹೋಗಬೇಕು. ಮೈಕ್, ಹೆಡ್‌ಫೋನ್ ಜಾಕ್‌ಗಳು ಪ್ಯಾನೆಲ್ಲಿಗೆ ತಾಗದಂತೆ ಫೈಬರ್ ವಾಷರ್ ಬೇಕು. ಅವುಗಳ ಮರುದಾರಿಗೆ ಬೇರೆ ವೈರ್. ವೈರಿನ ಸುತ್ತಲಿನ ಲೋಹದ ಹೆಣಿಗೆಯಾದ ಶೀಲ್ಡನ್ನು ಇಂಟರ್‌ಕಾಮ್ ತುದಿಯಲ್ಲಿ ಮಾತ್ರ ಜೋಡಿಸಿ, ಜಾಕ್ ತುದಿಯಲ್ಲಿ ಕತ್ತರಿಸಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಬೇಕು.

‘ಸೂಕ್ತವಾಗಿ ಕ್ರಿಂಪ್ ಮಾಡಿ’ ಎಂದಲ್ಲಿ, 22 ಗೇಜ್‌ ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್ ಸುಮಾರು 7 ಕಿಲೊ ಎಳೆತ ತಾಳಬೇಕು ಎಂದು ನಾನೇ ಸೇರಿಸಿದ್ದೇನೆ. ಉಳಿದ ಏಳು ‘ಸೂಕ್ತ’ಗಳಿಗೆ ಅಂಕಿ ತುಂಬಿ, ಗ್ರೌಂಡ್ ಪಟ್ಟಿಯದೊಂದು ಚಿತ್ರದ ಜೊತೆ ಮರಳಿ ಕಳಿಸಿ.