ತನಾಕ ಅಮೆರಿಕದಲ್ಲಿ ಮಂಕಾದರಾ?

2013ರಲ್ಲಿ ಜಪಾನಿನ ಬೇಸ್‌ಬಾಲ್ ತಂಡ ರಾಕುಟೆನ್ ಪರ 24–0 (24 ಗೆಲುವು, ಸೋಲೇ ಇಲ್ಲ) ಮಾಡಿದ ಮಸಾಹಿರೊ ತನಾಕ ಅಮೆರಿಕದ ಯಾಂಕೀಸ್ ತಂಡಕ್ಕೆ ಹೋದಮೇಲೆ ಯಾಕೆ ಸಾಧಾರಣ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯೋ ಆಟಗಾರ) ಆಗಿಬಿಟ್ಟರು ಅಂತ ಕೇಳಿದ್ದೀರಿ. ಸಾಧಾರಣ ಅನ್ನೋದನ್ನ ನಾನಂತೂ ಒಪ್ಪಲ್ಲ. ಏಳು ಸೀಸನ್, 78 ಗೆಲುವು, 46 ಸೋಲು, ಇಆರ್‌ಎ (ಫೀಲ್ಡಿಂಗ್ ತಪ್ಪಿನ ರನ್ ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಪಿಚರ್ ಕೊಟ್ಟ ರನ್‌ಗಳ ಸರಾಸರಿ, ಕಡಿಮೆ ಇದ್ದಷ್ಟೂ ಒಳ್ಳೇದು) 3.74. ಜಪಾನಿನ ಆ ವರ್ಷದ 1.27ರ ಪಕ್ಕ ಇಟ್ಟರೆ ಯಾವುದು ತಾನೇ ಸಪ್ಪೆ ಕಾಣಲ್ಲ ಹೇಳಿ?

ವ್ಯತ್ಯಾಸ ಬಂದದ್ದು ಮುಖ್ಯವಾಗಿ ಎರಡು ಕಡೆಯಿಂದ. ಜಪಾನಿನಲ್ಲಿ ಸ್ಟಾರ್ಟರ್‌ಗೆ, ಅಂದ್ರೆ ಪಂದ್ಯ ಶುರು ಮಾಡೋ ಪಿಚರ್‌ಗೆ, ಸಾಮಾನ್ಯವಾಗಿ ವಾರಕ್ಕೊಂದೇ ಪಂದ್ಯ. ಅಮೆರಿಕದಲ್ಲಿ ಐದಾರು ದಿನಕ್ಕೇ ಮತ್ತೆ ಎಸೀಬೇಕು. ಆಮೇಲೆ ಚೆಂಡು. ಅಲ್ಲಿನದು ಚೂರು ದೊಡ್ಡದು, ಹೆಚ್ಚು ಜಾರುತ್ತೆ. ತನಾಕರ ಅಸ್ತ್ರ ಸ್ಪ್ಲಿಟರ್, ಅಂದ್ರೆ ತೋರುಬೆರಳು, ನಡುಬೆರಳು ಅಗಲಿಸಿ ಮಧ್ಯೆ ಚೆಂಡು ಸಿಕ್ಕಿಸಿ ಎಸೆಯೋದು. ಕ್ರಿಕೆಟ್‌ನಲ್ಲಿ ಎಸ್‌ಜಿ ಚೆಂಡಲ್ಲಿ ಪಳಗಿದವರ ಕೈಗೆ ಕೂಕಬುರಾ ಕೊಟ್ಟ ಹಾಗೆ. ಸಾಲದ್ದಕ್ಕೆ 2014ರಲ್ಲೇ ಮೊಣಕೈ ಲಿಗಮೆಂಟ್ ಸ್ವಲ್ಪ ಹರಿದಿತ್ತು, ಸರ್ಜರಿ ಮಾಡಿಸದೆ ಅಷ್ಟು ವರ್ಷ ಆಡಿದರು.

ಗೆಲುವು-ಸೋಲಿನ ಲೆಕ್ಕವನ್ನೇ ನಂಬಬೇಡಿ. 2021ರಲ್ಲಿ ರಾಕುಟೆನ್‌ಗೆ ವಾಪಸ್ ಬಂದಾಗ ಇಆರ್‌ಎ 3.01, ಆದರೂ 4–9. ತಂಡದವರು ರನ್ ಹೊಡೆಯದಿದ್ರೆ ಪಿಚರ್ ಏನು ಮಾಡ್ತಾರೆ?

ನಿಜಕ್ಕೂ ಮುಗ್ಗರಿಸಿದವರು ಬೇಕಿದ್ರೆ ಕೇ ಇಗಾವಾ ಇದ್ದಾರೆ. 2003ರಲ್ಲಿ ಜಪಾನಿನ ಹಾನ್‌ಶಿನ್ ತಂಡಕ್ಕೆ 20 ಪಂದ್ಯ ಗೆದ್ದುಕೊಟ್ಟವರು ಯಾಂಕೀಸ್‌ನಲ್ಲಿ ಗೆದ್ದದ್ದು ಎರಡೇ.