ಕಿವಿ ಸರಿಯಾಗಿ ಕೇಳಿಸದಿದ್ದರೂ ನಟ ಟಿ. ಎನ್. ಬಾಲಕೃಷ್ಣ ಸಂಭಾಷಣೆಗೆ ತಕ್ಕ ಸಮಯದಲ್ಲಿ ಉತ್ತರಿಸುತ್ತಿದ್ದುದು ಹೇಗೆ?

ಎದುರಿನ ಕಲಾವಿದರ ತುಟಿಗಳ ಚಲನೆಯನ್ನು ಗಮನಿಸಿ, ಅವರ ಮಾತು ಎಲ್ಲಿ ಮುಗಿಯುತ್ತದೆಂಬುದನ್ನು ಕಣ್ಣಿನಿಂದಲೇ ಗ್ರಹಿಸಿ ಅವರು ತಮ್ಮ ಮಾತನ್ನು ಆರಂಭಿಸುತ್ತಿದ್ದರು.

ಇದು ಸಾಧ್ಯವಾದುದಕ್ಕೆ ರಂಗಭೂಮಿಯ ಹಿನ್ನೆಲೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ವೃತ್ತಿ ನಾಟಕ ಕಂಪನಿಗಳಲ್ಲಿ ಒಂದೇ ನಾಟಕವನ್ನು ಹಲವು ರಾತ್ರಿ ಆಡುತ್ತಿದ್ದುದರಿಂದ, ನಟನಿಗೆ ತನ್ನ ಪಾತ್ರದ ಮಾತುಗಳಷ್ಟೇ ಅಲ್ಲದೆ ಜೊತೆಗಾರರ ಮಾತುಗಳೂ ಬಾಯಿಪಾಠವಾಗಿರುತ್ತಿದ್ದವು. ಮುಂದೇನು ಬರುತ್ತದೆಂದು ಮೊದಲೇ ತಿಳಿದವನಿಗೆ ಪ್ರತಿಯೊಂದು ಪದವೂ ಕೇಳಿಸಬೇಕಾಗಿಲ್ಲ. ತುಟಿ, ಮುಖಭಾವ, ಕೈಸನ್ನೆಗಳೇ ಸೂಚನೆಯಾಗುತ್ತವೆ. ತುಟಿಯನ್ನು ಓದುವುದಕ್ಕೆ ಎದುರಿನವರ ಮುಖದಿಂದ ದೃಷ್ಟಿ ಕದಲಿಸುವಂತಿಲ್ಲವಾದ್ದರಿಂದ, ಮತ್ತೊಬ್ಬರು ಮಾತನಾಡುವಾಗಲೂ ಬಾಲಕೃಷ್ಣ ಅವರ ಮುಖದಲ್ಲಿ ಅಭಿನಯ ನಿರಂತರವಾಗಿ ಸಾಗುತ್ತಿತ್ತು, ಮತ್ತು ಪೋಷಕ ನಟನೊಬ್ಬನಿಗೆ ಇದಕ್ಕಿಂತ ದೊಡ್ಡ ಗುಣ ಬೇರೊಂದಿಲ್ಲ.

1940ರ ದಶಕದಲ್ಲಿ ಚಿತ್ರರಂಗಕ್ಕೆ ಬಂದ ಅವರು ಹಾಸ್ಯ, ಖಳ, ಪೋಷಕ ಪಾತ್ರಗಳನ್ನು ಸಮಾನ ನಿಷ್ಠೆಯಿಂದ ನಿರ್ವಹಿಸಿದರು. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿ ಅವರು ರಾಜಕುಮಾರ್ ಅವರೊಂದಿಗೆ ನಡೆಸುವ ಮಾತುಕತೆಯನ್ನು ಗಮನವಿಟ್ಟು ನೋಡಿದರೆ, ಉತ್ತರ ಒಂದು ಕ್ಷಣವೂ ತಡವಾಗದಿರುವುದು ಕಾಣುತ್ತದೆ.