ಕಂಪ್ಯೂಟೇಷನಲ್ ಸೈನ್ಸ್ ಹೊಸ ಥರ ಹೇಳ್ಕೊಡೋ ಮೇಷ್ಟ್ರಿಗೆ ಪ್ರಶಸ್ತಿ ಕೊಡೋದಾದ್ರೆ ಏನ್ ನೋಡ್ಬೇಕು?

ಬಿಎಸ್ಸಿ ಮಕ್ಕಳಿಗೆ ಕಂಪ್ಯೂಟೇಷನಲ್ ಸೈನ್ಸ್ (ಅಂದ್ರೆ ವಿಜ್ಞಾನದ ಲೆಕ್ಕಗಳನ್ನ ಕಂಪ್ಯೂಟರ್ ಪ್ರೋಗ್ರಾಮ್ ಬರೆದು ಬಿಡಿಸೋದು) ಚೆನ್ನಾಗಿ ಕಲಿಸೋರನ್ನ ಗುರುತಿಸ್ಬೇಕು, ಕಮಿಟಿಗೆ ಮಾನದಂಡ ಏನಿಡೋದು ಅಂತ ಕೇಳಿದೀರಲ್ಲ. ನಾನೂ ಫಿಸಿಕ್ಸ್ ಪಾಠ ಮಾಡೋನೇ. ಲ್ಯಾಬಲ್ಲಿ ಎಷ್ಟು ಸಿಸ್ಟಮ್ ಇದೆ, ಪಿಪಿಟಿ ಹೇಗಿದೆ, ಎಷ್ಟು ಎಫ್‌ಡಿಪಿ (ಮೇಷ್ಟ್ರುಗಳ ತರಬೇತಿ) ಸರ್ಟಿಫಿಕೇಟ್ ಇದೆ ಇವೆಲ್ಲ ಪಕ್ಕಕ್ಕಿಡಿ, ಅರ್ಜಿ ಜೊತೆ ಒಂದು ಅಸೈನ್‌ಮೆಂಟ್ ಮತ್ತೆ ಅದಕ್ಕೆ ಹುಡುಗ್ರು ಬರೆದ ಉತ್ತರ ತರಿಸ್ಕೊಳಿ, ಟಾಪರ್‌ದು ಒಂದೇ ಸಾಲ್ದು, ಹಿಂದಿನ ಬೆಂಚಿನವರದ್ದೂ ಬೇಕು.

ಸೂರ್ಯನ ಸುತ್ತ ಗ್ರಹ ತಿರುಗೋ ಪ್ರೋಗ್ರಾಮನ್ನೇ ತಗೊಳಿ. ಸಾದಾ ಆಯ್ಲರ್ ಮೆಥಡ್ (ಸಮಯಾನ ಚಿಕ್ಕ ಚಿಕ್ಕ ಸ್ಟೆಪ್ ಮಾಡಿ, ಈಗಿನ ಜಾಗ, ವೇಗದಿಂದ ಮುಂದಿನದನ್ನ ಲೆಕ್ಕ ಹಾಕೋದು) ಹಾಕಿದ್ರೆ ಗ್ರಹ ಸುತ್ತು ಸುತ್ತಿಗೂ ಹೊರಗೆ ಹೊರಗೆ ಜಾರ್ತಾ ಹೋಗುತ್ತೆ, ಎನರ್ಜಿ ತಾನಾಗೇ ಏರ್ತಿರುತ್ತೆ. ಎಷ್ಟೋ ಕಡೆ ಸರಿಯಾದ ಕೋಡನ್ನ ಬೋರ್ಡ್ ಮೇಲೆ ಬರೆದು ರೆಕಾರ್ಡಿಗೆ ಇಳಿಸ್ಕೊಳಿ ಅಂದು ಮುಗಿಸಿಬಿಡ್ತಾರೆ. ಒಳ್ಳೆ ಮೇಷ್ಟ್ರು ಆ ಕೆಟ್ಟ ಕಕ್ಷೇನ ಹಾಗೇ ಓಡಿಸಿ, ಎನರ್ಜಿ ಗ್ರಾಫ್ ಹಾಕಿಸಿ, ಫಿಸಿಕ್ಸ್ ತಪ್ಪೋ ಕೋಡ್ ತಪ್ಪೋ ಸ್ಟೆಪ್ ದೊಡ್ಡದಾಯ್ತೋ ನೀವೇ ಹುಡುಕಿ ಅಂತ ಬಿಡ್ತಾರೆ. ಮೊದ್ಲು ವೇಗ ಲೆಕ್ಕ ಹಾಕಿ ಆ ಹೊಸ ವೇಗದಿಂದ ಜಾಗ ಲೆಕ್ಕ ಹಾಕಿದ್ರೆ ಕಕ್ಷೆ ಸರಿಹೋಗುತ್ತೆ, ಎರಡು ಸಾಲು ಹಿಂದುಮುಂದು ಅಷ್ಟೇ. (ಅಲನ್ ಕ್ರೋಮರ್ ಅನ್ನೋ ಅಮೆರಿಕದ ಫಿಸಿಕ್ಸ್ ಮೇಷ್ಟ್ರು 1981ರಲ್ಲಿ ಈ ಬಗ್ಗೆ ಪೇಪರ್ ಬರೆದ್ರು, ಆದ್ರೆ ಅವ್ರಿಗೆ ಇದು ಗೊತ್ತಾಗಿದ್ದು ಒಬ್ಳು ಹೈಸ್ಕೂಲ್ ಹುಡುಗಿಯಿಂದ, ಅವಳಿಗೆ ಸಿಕ್ಕಿದ್ದೂ ಅಕಸ್ಮಾತ್ತಾಗಿ!) ಉತ್ತರ ಪತ್ರಿಕೇಲಿ ಈ ಹುಡುಕಾಟ ಕಂಡ್ರೆ ಮಾರ್ಕ್ಸ್ ಕೊಡಿ. ಎಲ್ಲರದ್ದೂ ಒಂದೇ ಕೋಡ್, ವೇರಿಯಬಲ್ ಹೆಸರೂ ಒಂದೇ ಆಗಿದ್ರೆ ಗೊತ್ತಾಯ್ತಲ್ಲ.

ಇನ್ನೊಂದು, ಆ ಪಾಠ ಬೇರೆಯವ್ರ ಕೈಗೆ ಸಿಗುತ್ತಾ ನೋಡಿ. 1990ರ ದಶಕದಲ್ಲಿ ಅಮೆರಿಕದ ಇಂಧನ ಇಲಾಖೆ ತನ್ನ ಸಂಶೋಧನಾ ಕೇಂದ್ರ ಏಮ್ಸ್ ಲ್ಯಾಬ್ ಮೂಲಕ ಇಂಥದ್ದೇ ಒಂದು ಪ್ರಶಸ್ತಿ ನಡೆಸ್ತಿತ್ತು, ಗೆದ್ದವರ ಮೆಟೀರಿಯಲ್ ಬೇರೆ ಕಾಲೇಜುಗಳಿಗೂ ಹೋಗ್ಲಿ ಅನ್ನೋದು ಅದರ ಉದ್ದೇಶದಲ್ಲೇ ಇತ್ತು. ಇಂಥ ಪಾಠಕ್ಕೆ ಬಳಸೋ ವಿಪೈಥಾನ್ (3ಡಿ ಚಿತ್ರ ಓಡಿಸಿ ತೋರ್ಸೋ ಪ್ರೋಗ್ರಾಮಿಂಗ್ ಸಾಧನ) ನೋಡಿ, 2000ದಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಡೇವಿಡ್ ಶೆರರ್ ಅನ್ನೋ ಸ್ಟೂಡೆಂಟ್ ಬರೆದಿದ್ದು, ಈಗ ಬ್ರೌಸರಲ್ಲೇ ಓಡುತ್ತೆ, ಲ್ಯಾಬಲ್ಲಿ ಏನೂ ಇನ್‌ಸ್ಟಾಲ್ ಮಾಡ್ಬೇಕಿಲ್ಲ.

ಒಬ್ರಿಗೇ ಕೊಡ್ಬೇಕು ಅಂತಾನೂ ಇಟ್ಕೋಬೇಡಿ. ಓಸ್ಲೋ ಯೂನಿವರ್ಸಿಟೀಲಿ 2003ರಿಂದ ಮೊದಲ ಸೆಮಿಸ್ಟರಲ್ಲೇ ಮ್ಯಾಥ್ಸ್ ಜೊತೆ ಪ್ರೋಗ್ರಾಮಿಂಗ್ ಸೇರಿಸಿದ್ರು, ಮುಂದೆ ಮೆಕ್ಯಾನಿಕ್ಸ್ ಹೇಳ್ಕೊಡೋರು ಅದನ್ನೇ ಬಳಸ್ಕೊಂಡ್ರು, ಬೇರೆ ಬೇರೆ ಡಿಪಾರ್ಟ್‌ಮೆಂಟಿನವ್ರು ಕೂತು ಮಾತಾಡಿದ್ರಿಂದ ಆಗಿದ್ದು. 2016ರಲ್ಲಿ ನಾರ್ವೆ ಆ ಇಡೀ ಗುಂಪಿಗೇ ಶಿಕ್ಷಣದ ಶ್ರೇಷ್ಠತಾ ಕೇಂದ್ರ ಅಂತ ಮಾನ್ಯತೆ ಕೊಡ್ತು. ನಮ್ಮ ಸರ್ಕಾರಿ ಕಾಲೇಜಲ್ಲಿ ಒಬ್ರ ಮೇಲೇ ನಿಂತಿದ್ರೆ ಅವ್ರಿಗೆ ಟ್ರಾನ್ಸ್‌ಫರ್ ಆದ ದಿನಾನೇ ಕೋರ್ಸೂ ಹೋಯ್ತು.

ಬಹುಮಾನ ಅಂತ ಶಾಲು, ಹಾರ, ಮೊಮೆಂಟೊ ಕೊಡೋ ಬದ್ಲು ಮುಂದಿನ ಸೆಮಿಸ್ಟರಿಗೆ ಒಂದು ಪೇಪರಿನ ಪಾಠದ ಹೊರೆ ಕಮ್ಮಿ ಮಾಡಿಸೋಕಾಗುತ್ತಾ ಪ್ರಿನ್ಸಿಪಾಲರ ಹತ್ರ ಕೇಳಿ ನೋಡಿ, ಹೊಸ ಅಸೈನ್‌ಮೆಂಟ್ ಬರೆಯೋಕೆ ಬೇಕಾಗಿರೋದು ಟೈಮು.